ಮೈಲೇಜ್ ಮಾವ

ಇಂಥವರು ಎಲ್ಲ ವಂಶದಲ್ಲೂ ಒಬ್ಬರಿರುತ್ತಾರೆ. ಬ್ಯಾಂಕಿನಲ್ಲೋ ವಿಮೆ ಕಚೇರಿಯಲ್ಲೋ ಕುರ್ಚಿ ಸವೆಸಿ, ಮಗಳ ಮದುವೆ ಮುಗಿದು, ಮನೆ ಸಾಲವೂ ತೀರಿದ ಮೇಲೆ ಒಂದು ಶುಭ ಶುಕ್ರವಾರ ಎಸ್‌ಯುವಿ ಕೊಳ್ಳುತ್ತಾರೆ. ಅಂದಿನಿಂದ ಅವರಿಗೆ ಬೇರೆ ಮಾತೇ ಇಲ್ಲ. ನಾಮಕರಣಕ್ಕೆ ಹೋದರೆ ತೊಟ್ಟಿಲಿನ ಗ್ರೌಂಡ್ ಕ್ಲಿಯರೆನ್ಸ್ ನೋಡುತ್ತಾರೆ. "ಚೆನ್ನಾಗಿದ್ದೀರಾ ಮಾವ?" ಅಂದರೆ "ಸಿಟಿಯಲ್ಲಿ ಇಪ್ಪತ್ನಾಲ್ಕು, ಹೈವೇಲಿ ಇಪ್ಪತ್ತೆರಡು" ಎನ್ನುತ್ತಾರೆ. "ಅದು ತಿರುಗಾಮುರುಗಾ ಆಯ್ತಲ್ಲ?" ಎಂದು ಬಾಯಿ ತಪ್ಪಿ ಕೇಳಿದಿರೋ, ಹೈಬ್ರಿಡ್ ಗಾಡಿ ಟ್ರಾಫಿಕ್ಕಿನಲ್ಲೇ ಯಾಕೆ ಹೆಚ್ಚು ಕೊಡುತ್ತದೆ ಎಂಬುದನ್ನು ಕೇಳಿ ಮುಗಿಸುವ ಹೊತ್ತಿಗೆ ಎರಡನೇ ಪಂಕ್ತಿಯೂ ಎದ್ದಿರುತ್ತದೆ.

ನಮ್ಮ ಮೈಲೇಜ್ ಮಾವನದು ಟೊಯೋಟಾ ಹೈರೈಡರ್. ಅಷ್ಟೇ ಆಗಿದ್ದರೆ ಸುಖವಾಗಿರುತ್ತಿದ್ದರು. ಆರು ತಿಂಗಳಲ್ಲಿ ಅವರ ಷಡ್ಡಕರು ಮಾರುತಿ ಗ್ರ್ಯಾಂಡ್ ವಿಟಾರ ತಂದು ನಿಲ್ಲಿಸಿದರು.

ಕಾರಿನ ಗಂಧಗಾಳಿ ಇಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಈ ಎರಡೂ ಮಾರುಕಟ್ಟೆಗೆ ಬಂದದ್ದು 2022ರಲ್ಲಿ, ಎರಡೂ ತಯಾರಾಗುವುದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಅಡಿಪಾಯ ಸುಝುಕಿಯದು, ಸ್ಟ್ರಾಂಗ್ ಹೈಬ್ರಿಡ್ ಯಂತ್ರ ಟೊಯೋಟಾದ್ದು. ಮೂರು ಸಿಲಿಂಡರಿನ ಅದೇ 1490 ಸಿಸಿ ಎಂಜಿನ್, ಅದೇ 45 ಲೀಟರಿನ ಟ್ಯಾಂಕು, ಕಾಗದದ ಮೇಲೆ ಅದೇ 27.97 ಮೈಲೇಜು. ಬೇರೆ ಎಂದರೆ ಮೂತಿ, ದೀಪ, ಹೆಸರಿನ ಬಿಲ್ಲೆ. ಹಿಂದಿನ ಸೀಟಿನಲ್ಲಿ ಕೂತು ಹೋಗುವ ನನ್ನಂಥವನ ಸೊಂಟಕ್ಕಂತೂ ಎರಡೂ ಒಂದೇ.

ಇದನ್ನು ಮಾವನೆದುರು ಹೇಳಿ ನೋಡಿ. "ಉದ್ದ ನೋಡಿದ್ದೀಯಾ? ನಮ್ಮದು 4365 ಮಿಲಿಮೀಟರ್. ಅವರದು 4345" ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಆ ಎರಡು ಸೆಂಟಿಮೀಟರನ್ನು ಹಿಡಿದು ಮೂಗಿನ ಹತ್ತಿರ ತರುತ್ತಾರೆ. ಆ ಉದ್ದದ ದೆಸೆಯಿಂದ ಅವರ ತರ್ಟಿ-ಫಾರ್ಟಿ ಸೈಟಿನ ಮನೆಯ ಗೇಟು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಎರಡು ಬಾಗಿಲಿಗೂ ಸೇರಿಸಿ ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಾರೆ. ಸಂಜೆ ಹಗ್ಗ ಕಟ್ಟುವ ಕೆಲಸ ಸರೋಜತ್ತೆಯದು.

ಷಡ್ಡಕರೂ ಕಡಿಮೆ ಆಸಾಮಿಯಲ್ಲ. "ಕೆಟ್ಟು ನಿಂತರೆ ನಿಮ್ಮ ಎರಡು ಸೆಂಟಿಮೀಟರ್ ಬಂದು ತಳ್ಳುತ್ತಾ? ಮಾರುತಿ ಮೆಕ್ಯಾನಿಕ್ ಎಲ್ಲಿ ಕೂಗಿದರೂ ಸಿಗ್ತಾನೆ" ಎನ್ನುತ್ತಾರೆ. ಮಾವ 2000ದ ಕ್ವಾಲಿಸ್ ತೆಗೆಯುತ್ತಾರೆ, ಇವರು 1983ರ ಮಾರುತಿ 800 ತೆಗೆಯುತ್ತಾರೆ. ಇಬ್ಬರೂ ಆ ಕಾಲದಲ್ಲಿ ಓಡಿಸುತ್ತಿದ್ದದ್ದು ಸ್ಕೂಟರು.

ಮಾವನನ್ನು ಅವರ ಪೂರ್ಣ ವೈಭವದಲ್ಲಿ ನೋಡಬೇಕಾದರೆ ಪೆಟ್ರೋಲ್ ಬಂಕಿಗೇ ಹೋಗಬೇಕು. ಒಂದೇ ಬಂಕು, ಒಂದೇ ಪಂಪು. ಬೆಳಗ್ಗೆ ಆರೂವರೆಗೇ ಹೋಗುತ್ತಾರೆ, ತಂಪಿನಲ್ಲಿ ಪೆಟ್ರೋಲ್ ಹಿಗ್ಗಿರುವುದಿಲ್ಲ ಎಂದು. ಟ್ಯಾಂಕು ನೆಲದೊಳಗೆ ಹೂತಿದೆ, ಅಲ್ಲಿ ಬೆಳಗ್ಗೆ ಮಧ್ಯಾಹ್ನ ಎರಡೂ ಒಂದೇ ಎಂದು ಯಾರೋ ಹೇಳಿದ್ದಕ್ಕೆ ಅವರ ಮನೆಯ ಗೃಹಪ್ರವೇಶಕ್ಕೇ ಹೋಗಲಿಲ್ಲ. ಕಾರಿನಿಂದಿಳಿದು, ಪೈಪಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಪೈಪು ಟಕ್ಕೆಂದು ತಾನೇ ನಿಲ್ಲುತ್ತದೆ. ಹುಡುಗ ವಾಡಿಕೆಯಂತೆ, "ಎರಡು ಸಾವಿರಕ್ಕೆ ರೌಂಡ್ ಮಾಡ್ಲಾ ಸಾರ್?" ಅನ್ನುತ್ತಾನೆ. "ಮುಟ್ಟಬೇಡ!" ಪಕ್ಕದ ಸಾಲಿನ ಆಟೋದವನು ಬೆಚ್ಚಿ ತನ್ನ ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಒಂದು ಹನಿ ಹೆಚ್ಚಾದರೂ ಲೆಕ್ಕ ಕೆಟ್ಟಿತಲ್ಲ! ಆಮೇಲೆ ಗ್ಲೋವ್ ಬಾಕ್ಸಿನಿಂದ ಉದ್ದ ಪುಸ್ತಕ ಹೊರಬರುತ್ತದೆ. ತಾರೀಖು, ಕಿಲೋಮೀಟರು, ಲೀಟರು, ಸವಾರಿಯ ಒಟ್ಟು ತೂಕ, ಷರಾ. ಷರಾದ ಕಾಲಮ್ಮಿನಲ್ಲಿ ಒಮ್ಮೆ "ಎದುರುಗಾಳಿ" ಎಂದಿತ್ತು. ಇನ್ನೊಮ್ಮೆ, "ಸರೋಜಳ ತಂಗಿ ಹಲಸಿನಹಣ್ಣು ಕೊಟ್ಟಳು, 11 ಕೆಜಿ."

ಓಡಿಸುವುದೂ ಹಾಗೆಯೇ. ಆಕ್ಸಿಲರೇಟರ್ ಮೇಲೆ ಕಾಲಿಡುವುದಿಲ್ಲ, ತಾಗಿಸುತ್ತಾರೆ. ಮೀಟರಿನಲ್ಲಿ ಹಸಿರು ಅಕ್ಷರದ 'ಇವಿ' ದೀಪ ಆರಬಾರದು, ಅಷ್ಟೇ. ಹಿಂದೆ ಬಿಎಂಟಿಸಿ ಬಸ್ಸು ಎಷ್ಟು ಬೊಬ್ಬಿರಿದರೂ ಇವರಿಗೆ ಕೇಳಿಸದು. ಚಾಮುಂಡಿ ಬೆಟ್ಟ ಇಳಿಯುವಾಗ ಅತ್ತೆ ಕಣ್ಣು ಮುಚ್ಚಿ ದೇವಿಯನ್ನು ನೆನೆದರೆ, ಮಾವ ಕಣ್ಣರಳಿಸಿ "ಚಾರ್ಜ್ ಆಗ್ತಿದೆ, ಚಾರ್ಜ್ ಆಗ್ತಿದೆ" ಎನ್ನುತ್ತಿರುತ್ತಾರೆ. ಎ.ಸಿ.ಯನ್ನು ಅವರು ಆಸ್ಪತ್ರೆಗೆ ಹೋಗುವವರಿಗೆ ಮಾತ್ರ ಹಾಕುವುದು. ಹಾಗಂತ ಕಿಟಕಿ ಇಳಿಸುವಂತೆಯೂ ಇಲ್ಲ, ಗಾಳಿ ಎಳೆಯುತ್ತದಂತೆ.

ಹೋದ ಬೇಸಿಗೆಯಲ್ಲಿ ಮೈಸೂರಿನಲ್ಲೊಂದು ಉಪನಯನ. ಷಡ್ಡಕರಿಬ್ಬರೂ ಜೊತೆಯಾಗಿ ಹೊರಟು, ಒಂದೇ ಬಂಕಿನಲ್ಲಿ ತುಂಬಿಸಿ, ಯಾರದು ಎಷ್ಟು ಕೊಡುತ್ತದೆಂದು ಒಮ್ಮೆಗೇ ಇತ್ಯರ್ಥ ಮಾಡಿಕೊಳ್ಳುವುದೆಂದು ಗೊತ್ತಾಯಿತು. ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗು. ಹೋಗುವಾಗಿನ ಮೈಲೇಜನ್ನು ಮಾತ್ರ ಹಿಡಿಯಬಾರದು, ಬರುವಾಗಿನದನ್ನೂ ಕೂಡಿಸಿ ಭಾಗಿಸಬೇಕೆಂದು ಮಾವ ಮೊದಲೇ ಷರತ್ತು ಹಾಕಿದರು. ಎಲ್ಲ ಸರಿಯಾಯಿತು. ಸಮಸ್ಯೆ ಬಂದದ್ದು ಅಜ್ಜಿಯದು. ಅಂದರೆ ಇಬ್ಬರಿಗೂ ಹೆಣ್ಣು ಕೊಟ್ಟ ಅತ್ತೆ.

"ಅಮ್ಮ ನಿಮ್ಮ ಗಾಡಿಯಲ್ಲೇ ಬರಲಿ. ಕುಲುಕೋದೇ ಇಲ್ಲ ಅಂತೀರಲ್ಲ" ಎಂದರು ಷಡ್ಡಕರು.

"ಛೆ ಛೆ, ಕಿರಿಯಳಿಯನ ಜೊತೆ ಹೋಗೋದು ಅಂದ್ರೆ ಅವರಿಗೆ ಪ್ರೀತಿ" ಎಂದರು ಮಾವ.

ಅರವತ್ತೆರಡು ಕೆಜಿ ಅಜ್ಜಿ, ಅವರದೊಂದು ತಗಡಿನ ಟ್ರಂಕು, ಉಪನಯನದ ಮನೆಗೆಂದು ಇಪ್ಪತ್ತು ತೆಂಗಿನಕಾಯಿ. ಮೈಲೇಜಿನಲ್ಲಿ ಅರ್ಧ ಕಿಲೋಮೀಟರ್ ಹೋಯಿತೆಂದೇ ಲೆಕ್ಕ. ಸೌಜನ್ಯ ಒಂದು ಸುತ್ತು, ಎರಡು ಸುತ್ತು ನಡೆಯಿತು. ಕೊನೆಗೆ ಟ್ರಂಕು ಎತ್ತಿ ನೋಡಿದರೆ ಅದು ಎರಡರ ಡಿಕ್ಕಿಗೂ ಹಿಡಿಯದು. ಹೈಬ್ರಿಡ್ಡಿನಲ್ಲಿ ಬ್ಯಾಟರಿ ಡಿಕ್ಕಿಯ ಕೆಳಗೇ ಕೂತು ಜಾಗ 265 ಲೀಟರಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಬಾಮೈದ ತನ್ನ ಡೀಸೆಲ್ ಕ್ರೆಟಾದಲ್ಲಿ ಬಂದ. 433 ಲೀಟರ್ ಡಿಕ್ಕಿ. ಟ್ರಂಕು, ಕಾಯಿ, ಅಜ್ಜಿಯ ಕೋಲು ಎಲ್ಲ ಒಳಗೆ ಸೇರಿತು.

ಅಲ್ಲಿಯವರೆಗೆ ಐವರು, ನೂರ್ವರು ಆಗಿದ್ದ ಷಡ್ಡಕರು ಆ ಕ್ಷಣ ನೂರೈವರಾದರು. "ಈ ಕಾಲದಲ್ಲಿ ಡೀಸೆಲ್ಲೇ?" ಎಂದರು ಒಬ್ಬರು. "ಏನೇ ಆಗಲಿ, ಅದು ಶ್ರೀಪೆರಂಬದೂರಿನ ಗಾಡಿ. ನಮ್ಮವೆರಡೂ ಬಿಡದಿಯವು" ಎಂದರು ಇನ್ನೊಬ್ಬರು. ಕನ್ನಡಾಭಿಮಾನ ಇಬ್ಬರಲ್ಲೂ ಒಟ್ಟಿಗೇ ಉಕ್ಕಿತು.

ಅಜ್ಜಿ ಕ್ರೆಟಾದ ಕಿಟಕಿ ಇಳಿಸಿ, "ಒಂದೇ ಮನೆ ಹುಡುಗೀರನ್ನ ತಂದ್ಕೊಂಡು ಮೂವತ್ತು ವರ್ಷದಿಂದ ಯಾರ ಮನೆ ಸಾರು ಮೇಲು ಅಂತ ಜಗಳ ಆಡ್ತಿದೀರಿ. ಇಬ್ರಿಗೂ ಕಲಿಸಿದ್ದು ನಾನೇ. ಈಗ ಕಾರು ಬೇರೆ" ಎಂದು ಕಿಟಕಿ ಏರಿಸಿದರು. ಒಳಗೆ ಎ.ಸಿ. ಇತ್ತು.

ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಇಳಿದಾಗ ಇಬ್ಬರೂ ಎಣಿಸಿ ಎರಡೆರಡೇ ತಿಂದರು. ತೂಕದ ಪ್ರಶ್ನೆ. ರಾಮನಗರ, ಚನ್ನಪಟ್ಟಣ, ಮಂಡ್ಯ ಯಾವುದನ್ನೂ ನಾನು ನೋಡಲಿಲ್ಲ. ಕಣ್ಣಿಗೆ ಬೆವರು ಇಳಿದಿತ್ತು. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರವರೆಗೆ ಹೋಗಬಹುದು, ನಾವು ಎಪ್ಪತ್ತರಲ್ಲಿ ಹೋಗುತ್ತಿದ್ದೆವು. ಲಾರಿಗಳೂ ನಮ್ಮನ್ನು ದಾಟಿ ಹೋದವು. ಗಣಂಗೂರು ಟೋಲಿನಲ್ಲಿ ಮುಂದಿದ್ದ ಷಡ್ಡಕರ ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ಗೇಟು ಏಳಲಿಲ್ಲ. ಹಿಂದಿನಿಂದ ಹಾರನ್ನುಗಳ ಸುರಿಮಳೆ. ನಾವು ಹಿಂದಕ್ಕೆ ತೆಗೆದು, ಪಕ್ಕದ ಸಾಲಿಗೆ ನುಸುಳಿ, ಅಲ್ಲೂ ಕಾದು, ಆಚೆ ಹೋಗಿ ನಿಂತೆವು. ಮಾವ ಕೆಂಡವಾಗಿದ್ದರು.

"ನಿಮ್ಮಿಂದ ನನ್ನ ಲೆಕ್ಕವೆಲ್ಲ ಹಾಳಾಯ್ತು!"

ಷಡ್ಡಕರು ನಿಧಾನವಾಗಿ ಇಳಿದು ಬಂದು ನಮ್ಮ ಕಿಟಕಿಗೆ ಮೊಣಕೈ ಊರಿದರು. "ಹಾಳು ಹೇಗಾಗುತ್ತೆ? ನಿಮ್ಮದು ಹೈಬ್ರಿಡ್ಡು. ನಿಂತಾಗ ಎಂಜಿನ್ ಆಫ್, ತೊಟ್ಟು ಪೆಟ್ರೋಲೂ ಖರ್ಚಿಲ್ಲ. ಮೇಲಿಂದ ಹಿಂದಕ್ಕೆ ಮುಂದಕ್ಕೆ ಅಂತ ಬ್ಯಾಟರಿಯಲ್ಲೇ ಅಷ್ಟು ದೂರ ಓಡಿಸಿದಿರಿ, ಅದೆಲ್ಲ ಲಾಭ. ಇದನ್ನ ನನಗೆ ಹೇಳಿಕೊಟ್ಟಿದ್ದೇ ನೀವು. ಇವತ್ತು ನಿಮ್ಮದು ಹೆಚ್ಚು ಬಂದರೆ ಅದು ನನ್ನ ಫಾಸ್ಟ್ಯಾಗ್ ಪುಣ್ಯ, ಷರಾದಲ್ಲಿ ಬರ್ಕೊಳ್ಳಿ."

ಮಾವ ಬಾಯಿ ತೆರೆದರು, ಮುಚ್ಚಿದರು. ಕಿವಿಯವರೆಗೂ ರಕ್ತ ಏರಿತ್ತು. ಕಿಟಕಿ ಮೇಲೇರಿಸಿ, ಒಂದು ಗುಂಡಿ ಒತ್ತಿದರು. ಎ.ಸಿ.! ಹಿಂದಿನ ಸೀಟಿನಲ್ಲಿದ್ದ ಮೂವರೂ ಷಡ್ಡಕರ ಬೆನ್ನಿಗೆ ಅಲ್ಲಿಂದಲೇ ಕೈ ಮುಗಿದೆವು.