ಭಾವನ ರೈಲ್‌ಬಸ್

ಸಾಗರದ ಕಡೆಯ ಯಾವುದಾದರೂ ಮದುವೆಮನೆಗೆ ಹೋಗಿ ನೋಡಿ. ಊಟ ಮುಗಿದು ಎಲೆಯಡಿಕೆ ಕವಳದ ಹರಿವಾಣ ಚಪ್ಪರದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಯಾರೋ ಒಬ್ಬರು ನಿಟ್ಟುಸಿರು ಬಿಟ್ಟಿರುತ್ತಾರೆ: "ಆ ರೈಲ್‌ಬಸ್ ಇತ್ತಲ್ಲ ಮಾರಾಯ, ಅದರ ಗಮ್ಮತ್ತೇ ಬೇರೆ." ಹತ್ತು ತಲೆಗಳು ಅಲ್ಲಾಡುತ್ತವೆ. ಬಾಯ್ತುಂಬ ಕವಳ, ಹಾಗಾಗಿ ಮಾತಿಲ್ಲ, ಬರೀ ಹೂಂಕಾರ. ನನ್ನ ವಾರಿಗೆಯ ಭಾವನೊಬ್ಬನಿದ್ದಾನೆ, ಅವನಂತೂ ಆ ಹೊತ್ತಿಗೆ ಕಣ್ಣನ್ನೂ ಒರೆಸಿಕೊಳ್ಳುತ್ತಾನೆ. ಸುಣ್ಣ ಜಾಸ್ತಿಯಾಗಿರುತ್ತದೋ ಏನೋ.

"ಭಾವ, ನೀನು ಅದರಲ್ಲಿ ಎಷ್ಟು ಸಲ ಹೋಗಿದ್ದೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಹೋಗದೇ ಏನು? ಎರಡು ಸಲ ಹೋಗಿದ್ದೆ. ಒಂದು ಸಲ ಬಸ್ಸು ತಪ್ಪಿತ್ತು."

"ಇನ್ನೊಂದು ಸಲ?"

"ಬಸ್ಸಿನವರ ಮುಷ್ಕರ."

ನೋಡಿ, ಪ್ರೀತಿ ಅಂದರೆ ಇಂಥದ್ದು.

ನಮ್ಮ ಕಡೆ ರೈಲಿಗೆ ಎಂದೂ ಅವಸರ ಇದ್ದದ್ದಿಲ್ಲ ಬಿಡಿ. ಬೀರೂರಿನಿಂದ ಹೊರಟು ಶಿವಮೊಗ್ಗ ಮುಟ್ಟಿದ್ದು 1899ರಲ್ಲಿ. ಅಲ್ಲಿಂದ ತಾಳಗುಪ್ಪ ನೂರು ಕಿಲೋಮೀಟರಿಗೂ ಕಡಿಮೆ. ಆ ದಾರಿ ಮುಗಿಯುವಾಗ 1940 ಬಂದಿತ್ತು. ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ, ನೆಂಟರ ಮನೆಗಳಲ್ಲೆಲ್ಲ ತಂಗಿಕೊಂಡು ಬರುವ ಅಜ್ಜಿಯ ಹಾಗೆ ತುಂಡುತುಂಡಾಗಿ ಬಂತು. ತಾಳಗುಪ್ಪದ ಜಗಲಿಯಲ್ಲಿ ಕೂತದ್ದು ಮತ್ತೆ ಏಳಲೇ ಇಲ್ಲ. ಜೋಗ ನೋಡುವವರು ಅಲ್ಲೇ ಇಳಿದು ಮುಂದಿನ ದಾರಿ ತಾವೇ ಹುಡುಕಿಕೊಳ್ಳಬೇಕು. ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುವ ಹಳಿ ಮನವಿಪತ್ರಗಳಲ್ಲಿ ಮಾತ್ರ ಸಲೀಸಾಗಿ ಓಡುತ್ತಿದೆ.

ಸಾಗರದ ನಿಲ್ದಾಣಕ್ಕೆ ಬರೀ ಸಾಗರ ಎಂದರೆ ಸಾಲದು, ಸಾಗರ ಜಂಬಗಾರು ಎನ್ನಬೇಕು. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆಯಲ್ಲ, ಊರಲ್ಲಿ ಇಬ್ಬರು ಗಣಪತಿ ಇದ್ದರೆ ಒಬ್ಬನಿಗೆ ಕೆಳಗಿನಮನೆ ಗಣಪತಿ ಎನ್ನುವ ಕ್ರಮದ್ದೇ ಇದು ಅಂತ ನನ್ನ ತರ್ಕ. ಭಾವ ಒಪ್ಪುವುದಿಲ್ಲ. ಮಧ್ಯಪ್ರದೇಶದವರೇ ಅವರ ಹೆಸರಿಗೆ ಏನಾದರೂ ಸೇರಿಸಿಕೊಳ್ಳಬೇಕಿತ್ತಂತೆ.

ಇನ್ನು ರೈಲ್‌ಬಸ್ಸಿನ ವಿಷಯ. 1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಹಳಿ ಬ್ರಾಡ್ ಗೇಜ್ ಆಯಿತು, ಐದೂವರೆ ಅಡಿ ಅಗಲ. ತಾಳಗುಪ್ಪದ್ದು ಮೀಟರ್ ಗೇಜಿನಲ್ಲೇ ಉಳಿಯಿತು, ಮೂರೂಕಾಲು ಅಡಿ ಚಿಲ್ಲರೆ. ಅಣ್ಣ ಹಿಸೆ ತೆಗೆದುಕೊಂಡು ತಾರಸಿ ಮನೆ ಕಟ್ಟಿದ, ತಮ್ಮನಿಗೆ ಸೋರುವ ಕೊಟ್ಟಿಗೆ ಬಂತು. ಅತ್ತಲಿನ ಗಾಡಿ ಇತ್ತ ಬರುವಂತಿಲ್ಲ, ಇತ್ತಲಿನದು ಅತ್ತ ಹೋಗುವಂತಿಲ್ಲ. ಅನಾಥವಾದ ಆ ಹಳಿಯ ಮೇಲೆ ಬಿಟ್ಟದ್ದೇ ರೈಲ್‌ಬಸ್. ಒಂದೇ ಡಬ್ಬಿ, ಎಂಜಿನ್ನೂ ಅದರದೇ ಹೊಟ್ಟೆಯಲ್ಲಿ. ರೈಲು ಎನ್ನೋಣವೆಂದರೆ ಬಾಲವಿಲ್ಲ, ಬಸ್ಸು ಎನ್ನೋಣವೆಂದರೆ ರಸ್ತೆಯಿಲ್ಲ.

ಅದರ ವೇಗದ ಬಗ್ಗೆ ಮದುವೆಮನೆಯಲ್ಲಿ ಕೇಳಿದ್ದನ್ನು ಮಾತ್ರ ನಂಬಬೇಡಿ. ಅಲ್ಲಿ ಯಾರೂ ಗಂಟೆ ಹೇಳುವುದಿಲ್ಲ, ಎಲ್ಲ ಕವಳದ ಲೆಕ್ಕ. ಕುಂಸಿಗೆ ಒಂದು ಕವಳ, ಅರಸಾಳಿಗೆ ಎರಡು, ಆನಂದಪುರ ಬರುವಾಗ ಪಕ್ಕದವನ ಹತ್ತಿರ ಹೊಗೆಸೊಪ್ಪು ಕೇಳುವ ಸ್ಥಿತಿ. ಯಾರೋ ಒಬ್ಬರು ಆನಂದಪುರದಲ್ಲಿ ಕೊಡೆ ಮರೆತರಂತೆ. ಅದನ್ನು ಕಂಡವನು ಸೈಕಲ್ ತುಳಿದುಕೊಂಡು ಸಾಗರಕ್ಕೆ ಬಂದು, ರೈಲ್‌ಬಸ್ ಬರುವ ತನಕ ಕಾದು, ಇಳಿದವರ ಕೈಗೆ ಕೊಟ್ಟನಂತೆ. ಈ ಕತೆಯನ್ನು ಭಾವನ ಬಾಯಲ್ಲಿ ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಈ ಸಲದ ಮದುವೆಯಲ್ಲಿ ಸೈಕಲ್ಲೂ ಹೋಯಿತು, ಆಸಾಮಿ ನಡೆದೇ ಬಂದ. ಮುಂದಿನ ವರ್ಷ ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾನೆ.

2000ದ ದಶಕದಲ್ಲಿ ಹಳಿ ಅಗಲ ಮಾಡಲೆಂದು ರೈಲ್‌ಬಸ್ಸನ್ನು ನಿಲ್ಲಿಸಿದರು. 2011ರ ಹೊತ್ತಿಗೆ ತಾಳಗುಪ್ಪಕ್ಕೂ ದೊಡ್ಡ ರೈಲು ಬಂತು. ಈಗ ಮೈಸೂರಿಗೆ, ಬೆಂಗಳೂರಿಗೆ ಇಲ್ಲೇ ಹತ್ತಿ ಅಲ್ಲೇ ಇಳಿಯಬಹುದು. ಭಾವ ಮೊಬೈಲಿನಲ್ಲೇ ಬರ್ತ್ ಕಾದಿರಿಸಿ, ಹೊದ್ದು ಮಲಗಿ, ಬೆಂಗಳೂರಿನಲ್ಲಿ ಎದ್ದು, ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತ ರೈಲ್‌ಬಸ್ ನೆನೆದು ಮರುಗುತ್ತಾನೆ.

ಅರಸಾಳಿನ ಹಳೇ ನಿಲ್ದಾಣದ್ದು ಇನ್ನೊಂದು ತಮಾಷೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆಯುವಾಗ ಊರಿಗೆ ಆಗುಂಬೆಯನ್ನು ಆರಿಸಿದರು, ರೈಲಿಗೆ ಅರಸಾಳನ್ನು. ಆಗುಂಬೆಯಲ್ಲಿ ರೈಲೇ ಇಲ್ಲವಲ್ಲ! ಪಾಪ, ಕತೆಯ ಹುಡುಗ ಸ್ವಾಮಿ ನಿಲ್ದಾಣಕ್ಕೆ ಓಡಿಹೋಗಬೇಕೆಂದರೆ ನಡುವೆ ತೀರ್ಥಹಳ್ಳಿಯಲ್ಲೊಂದು ಊಟ ಮಾಡಬೇಕು. ಆ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಪಕ್ಕದಲ್ಲಿ ಹಳೆಯ ಡಬ್ಬಿಯೊಂದನ್ನು ನಿಲ್ಲಿಸಿ ಚಹಾದಂಗಡಿ ಮಾಡಿದ್ದಾರೆ.

ಕಳೆದ ಬೇಸಿಗೆಯಲ್ಲಿ ಭಾವನನ್ನು ಕರೆದುಕೊಂಡು ಹೋಗಿದ್ದೆ. ಭಾನುವಾರ, ಒಳಗೆ ಕಾಲಿಡಲು ಜಾಗವಿಲ್ಲ. ನಾನು ಹಣ ಕೊಟ್ಟು ಚಹಾ ಹಿಡಿದು ಬರುವಷ್ಟರಲ್ಲಿ ಭಾವ ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆದು ಎರಡು ಸೀಟು ಹಿಡಿದಿದ್ದ.