ಪದ್ಮಿನೀ ನಿದಾನ: ಕಾರ್ಬುರೇಟರ್ ಕಾರಿನ ಮಂದಾಗ್ನಿಯನ್ನು ಕುರಿತ ಶಾಸ್ತ್ರವಿಚಾರ

ಪೀಠಿಕಾ ಪ್ರಕರಣ

ಮನುಷ್ಯರ ರೋಗಕ್ಕೆ ಚರಕನಿದ್ದಾನೆ, ಸುಶ್ರುತನಿದ್ದಾನೆ. ಕುದುರೆಯ ರೋಗಕ್ಕೆ ಶಾಲಿಹೋತ್ರ, ಆನೆಯ ರೋಗಕ್ಕೆ ಪಾಲಕಾಪ್ಯ. ಆದರೆ ಸುಮಾರು 40 ಕುದುರೆಗಳ ಬಲವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆನೆಯ ಗತ್ತಿನಲ್ಲಿ ನಡುರಸ್ತೆಯಲ್ಲಿ ನಿಂತುಬಿಡುವ ಹಳೆಯ ಕಾರಿಗೆ ಯಾವ ಮುನಿಯೂ ಒಂದು ಸಂಹಿತೆ ಬರೆದಿಟ್ಟು ಹೋಗಲಿಲ್ಲ. ಶಾಸ್ತ್ರಪ್ರಪಂಚದ ಈ ಕೊರತೆ ಪ್ರಸ್ತುತ ಗ್ರಂಥಕರ್ತನಿಗೆ ಹೊಳೆದದ್ದು ಮೈಸೂರು–ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಹತ್ತಿರ, ಬಾನೆಟ್ ಎತ್ತಿ ನಿಲ್ಲಿಸಿದ ಕಾರಿನ ನೆರಳಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ. ಯೋಚನೆಗೆ ಬೇಕಾದಷ್ಟು ಸಮಯವಿತ್ತು.

ಗ್ರಂಥದ ನಾಯಿಕೆ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಮುಂಬಯಿಯ ಕಾರ್ಖಾನೆಯಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಲ್ಲಿ ಹೊರಟು, 1974ರಲ್ಲಿ ಪದ್ಮಿನಿಯಾಗಿ, 2001ರವರೆಗೆ ಬಾಳಿದ ವಂಶದವಳು. 1089 ಸಿಸಿ, ನಾಲ್ಕು ಸಿಲಿಂಡರು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಕಾಮಶಾಸ್ತ್ರಕಾರರು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಜಾತಿ ಹೇಳಿದ್ದಾರಷ್ಟೆ. ನಮ್ಮ ಸಂಶೋಧನೆಯಂತೆ ಅವು ನಾಲ್ಕು ಜಾತಿಗಳಲ್ಲ, ಒಂದೇ ಕಾರಿನ ನಾಲ್ಕು ವಯಸ್ಸುಗಳು. ಶೋರೂಮಿನಿಂದ ಬಂದಾಗ ಪದ್ಮಿನಿ. ನಿಂತಲ್ಲೆಲ್ಲ ಆಯಿಲ್ ಸೋರಿ ನೆಲದ ಮೇಲೆ ಚಿತ್ತಾರ ಬಿಡಿಸತೊಡಗಿದಾಗ ಚಿತ್ರಿಣಿ. ಸೈಲೆನ್ಸರ್ ತೂತಾದ ಮೇಲೆ ಶಂಖಿನಿ. ಲೀಟರಿಗೆ ಎಂಟು ಕಿಲೋಮೀಟರಿಗೆ ಇಳಿದಾಗ ಹಸ್ತಿನಿ.

ರೋಗದ ಹೆಸರು ಗ್ಯಾರೇಜಿನ ಪ್ರಾಕೃತದಲ್ಲಿ ‘ಪಿಕಪ್ ಇಲ್ಲ’, ಶಾಸ್ತ್ರಭಾಷೆಯಲ್ಲಿ ಮಂದಾಗ್ನಿ. ಆಕ್ಸಿಲರೇಟರ್ ತುಳಿದರೆ ಇಂಜಿನ್ನು, ಮದುವೆಗೆ ಕರೆದ ದೂರದ ನೆಂಟರ ಹಾಗೆ, ‘ಆಗ್ಲಿ, ನೋಡೋಣ’ ಎನ್ನುತ್ತದೆ. ಬರುವುದಿಲ್ಲ.

ತ್ರಿದೋಷ ಪ್ರಕರಣ

ವಾತವೆಂದರೆ ಗಾಳಿ, ಕಫವೆಂದರೆ ಪೆಟ್ರೋಲು, ಪಿತ್ತವೆಂದರೆ ಕಿಡಿ. ಮೂರೂ ಹದವಾಗಿದ್ದರೆ ಆರೋಗ್ಯ, ಒಂದು ಕೆರಳಿದರೆ ರೋಗ.

ಇವುಗಳಲ್ಲಿ ವಾತವೇ ದೊಡ್ಡದು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9000 ಲೀಟರ್ ಗಾಳಿ. ಆದ್ದರಿಂದ ‘ಪೆಟ್ರೋಲ್ ಕಾರು’ ಎಂಬ ಮಾತೇ ಅಪಶಬ್ದ. ಅದು ಗಾಳಿ ಕಾರು. ಪೆಟ್ರೋಲು ಬರೀ ಒಗ್ಗರಣೆ. ಒಗ್ಗರಣೆಯ ರೇಟು ಹೆಚ್ಚಾಗಿರುವುದರಿಂದ ಅದರ ಹೆಸರು ನಿಂತಿದೆ.

ವಾತ ಕಫಗಳ ಸಮಾಗಮ ನಡೆಯುವ ಜಾಗವೇ ಕಾರ್ಬುರೇಟರ್. ಅದರ ಗಂಟಲು ನಡುವೆ ಕಿರಿದು. ಕಿರಿದಾದ ಕಡೆ ಗಾಳಿ ಓಡುತ್ತದೆ, ಓಡುವ ಗಾಳಿಯ ಒತ್ತಡ ಇಳಿಯುತ್ತದೆ. ಇದನ್ನು 1738ರಲ್ಲೇ ಡೇನಿಯಲ್ ಬರ್ನೂಲಿ ಬರೆದಿಟ್ಟ. ಒತ್ತಡ ಇಳಿದ ಗಂಟಲಿಗೆ ಜೆಟ್ಟಿನ ಸಣ್ಣ ತೂತಿನಿಂದ ಪೆಟ್ರೋಲು ಚಿಮ್ಮುತ್ತದೆ. ಪೆಟ್ರೋಲನ್ನು ಇಂಜಿನ್ನು ‘ಎಳೆದುಕೊಳ್ಳುತ್ತದೆ’ ಎಂಬುದು ಲೋಕರೂಢಿ. ನಿಜದಲ್ಲಿ ಹಿಂದಿನಿಂದ ಹೊರಗಿನ ಗಾಳಿ ಅದನ್ನು ದೂಡುತ್ತದೆ. ಇದರಿಂದ ನಮ್ಮ ಮೂಲಸೂತ್ರ: ಹಿಂದೆ ಗಾಳಿ ಬಾರದೆ ಮುಂದೆ ಪೆಟ್ರೋಲು ಹೋಗದು. ಈ ಸೂತ್ರವನ್ನು ಬರೆದ ದಿನವೇ ಗ್ರಂಥಕರ್ತನು ಅರ್ಥ ಮಾಡಿಕೊಂಡಿದ್ದರೆ ಗ್ರಂಥ ಇಲ್ಲಿಗೇ ಮುಗಿಯುತ್ತಿತ್ತು.

ಪಿತ್ತದ ವಿಚಾರ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ಲು ಹದಿನೈದು ಇಪ್ಪತ್ತು ಸಾವಿರಕ್ಕೆ ಏರಿಸುತ್ತದೆ, ಡಿಸ್ಟ್ರಿಬ್ಯೂಟರು ಅದನ್ನು ಒಂದು–ಮೂರು–ನಾಲ್ಕು–ಎರಡು ಎಂಬ ಕ್ರಮದಲ್ಲಿ ಸಿಲಿಂಡರುಗಳಿಗೆ ಹಂಚುತ್ತದೆ. ಈ ಕ್ರಮದಲ್ಲಿ ಬೆರಳು ಮಡಿಸಿ ಎಣಿಸುವವನು ಮೇಸ್ತ್ರಿ. ಒಂದು–ಎರಡು–ಮೂರು ಎಂದು ಎಣಿಸುವವನು ಮಾಲೀಕ. ನಿಮಿಷಕ್ಕೆ 3000 ಸುತ್ತು ಓಡುವಾಗ ಸೆಕೆಂಡಿಗೆ ನೂರು ಕಿಡಿ. ಅಷ್ಟು ಸಲವೂ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ತೆರೆದು ಮುಚ್ಚಬೇಕು. ಕಿಡಿ ಮುಂಚೆ ಬಂದರೆ ತೀಕ್ಷ್ಣಾಗ್ನಿ: ಏರಿನಲ್ಲಿ ಟಣಟಣ ಸದ್ದು. ಬಿಟ್ಟು ಬಿಟ್ಟು ಬಂದರೆ ವಿಷಮಾಗ್ನಿ: ಜನ ‘ಮಿಸ್ಸಿಂಗ್’ ಎನ್ನುತ್ತಾರೆ. ತಡವಾಗಿ ಬಂದರೆ ಮಂದಾಗ್ನಿ: ಇಂಜಿನ್ ಬಿಸಿಯಾಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದರೆ ಸಮಾಗ್ನಿ. ಇದರ ಉಲ್ಲೇಖ ಶಾಸ್ತ್ರಗಳಲ್ಲಿ ಮಾತ್ರ ಉಂಟು.

ಅಷ್ಟಸ್ಥಾನ ಪರೀಕ್ಷಾ ಪ್ರಕರಣ

ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಕ್, ಆಕೃತಿ ಎಂದು ಪರೀಕ್ಷೆ ಎಂಟು ವಿಧ. ಆಕೃತಿಯ ವಿಚಾರವನ್ನು ಮಾಲೀಕರ ಎದುರು ಎತ್ತಬಾರದು. ದೃಕ್ ಪರೀಕ್ಷೆಗೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಬೇಕು. ಕಣ್ಣು ಪೂರ್ತಿ ಮುಚ್ಚಿಕೊಂಡರೆ ಬ್ಯಾಟರಿಯೋ ಅದರ ಟರ್ಮಿನಲ್ಲೋ ಸೊರಗಿದೆ. ಸ್ಪರ್ಶಕ್ಕೆ ಹೋಗಿ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ ವೈದ್ಯನು ತಾನೇ ರೋಗಿಯಾಗುತ್ತಾನೆ. ಮೂತ್ರವೆಂದರೆ ಕಾರಿನ ಕೆಳಗಿನ ತೊಟ್ಟು: ಪೆಟ್ರೋಲಿನ ವಾಸನೆ ಬಂದರೆ ಫ್ಲೋಟು ಸಿಕ್ಕಿಕೊಂಡು ಕಾರ್ಬುರೇಟರ್ ಉಕ್ಕುತ್ತಿದೆ. ಮಲವೆಂದರೆ ಹೊಗೆ: ಕಪ್ಪಾದರೆ ಪೆಟ್ರೋಲು ಹೆಚ್ಚು, ನೀಲಿಯಾದರೆ ರಿಂಗು ಸವೆದು ಆಯಿಲ್ ಉರಿಯುತ್ತಿದೆ, ಬೆಳ್ಳಗಿನ ಹೊಗೆ ಬಿಡದೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗಿಳಿದಿದೆ.

ನಾಡಿ ಪರೀಕ್ಷೆಗೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವೈರು ಕೀಳಬೇಕು. ಕಿತ್ತಾಗ ಸದ್ದು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತು ಎಂದರ್ಥ. ಕಿತ್ತರೂ ಏನೂ ಆಗದಿದ್ದರೆ ಅದೇ ಮನೆಯ ಸೋಂಬೇರಿ. ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ಇಲ್ಲದೆ ಇದನ್ನು ಮಾಡಹೊರಟವರಿಗೆ ಪಿತ್ತವು ನೆತ್ತಿಗೇರುವುದು ಅನುಭವಸಿದ್ಧ.

ಎಲ್ಲಕ್ಕಿಂತ ಶ್ರೇಷ್ಠವಾದದ್ದು ಜಿಹ್ವಾ ಪರೀಕ್ಷೆ, ಅಂದರೆ ಸ್ಪಾರ್ಕ್ ಪ್ಲಗ್. ನಾಲ್ಕನ್ನೂ ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಮಲಗಿಸಿ ನೋಡಿದರೆ ಇಂಜಿನ್ನು ಸುಳ್ಳು ಹೇಳಲಾರದು. ತುದಿ ದೀಪದ ಕಾಡಿಗೆಯಂತೆ ಕಪ್ಪಗಿದ್ದರೆ ಪೆಟ್ರೋಲು ಮಿತಿಮೀರಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಎಣ್ಣೆಸ್ನಾನ ಮಾಡಿ ಬಂದಂತಿದ್ದರೆ ರಿಂಗು. ಹದವಾದ ಕಾಫಿಯ ಬಣ್ಣವಿದ್ದರೆ ಆರೋಗ್ಯ. ಮೈಸೂರಿನವರಿಗೆ ಈ ಬಣ್ಣವನ್ನು ವಿವರಿಸಬೇಕಿಲ್ಲ. ತುದಿಯ ಅಂತರ 0.6 ಮಿಲಿಮೀಟರ್ ಇರಬೇಕು. ಅಳತೆಪಟ್ಟಿ ಇಲ್ಲದ ಮೇಸ್ತ್ರಿಗಳು ಹ್ಯಾಕ್ಸಾ ಬ್ಲೇಡು ತೂರಿಸಿ ನೋಡುತ್ತಾರೆ, ಸರಿಯಾಗಿಯೇ ಇರುತ್ತದೆ.

ಪರೀಕ್ಷೆ ಮಾಡಲಾಗಿ ನಮ್ಮ ಪದ್ಮಿನಿಯ ನಾಲ್ಕು ನಾಲಗೆಗಳೂ ಕಾಫಿ ಬಣ್ಣದಲ್ಲೇ ಇದ್ದವು. ಶಾಸ್ತ್ರ ಕೈಕೊಟ್ಟಲ್ಲಿ ಮತಭೇದ ಹುಟ್ಟುತ್ತದೆ.

ಮತಭೇದ ಪ್ರಕರಣ

ಮೊದಲನೆಯದು ಸೊಸೆವಾದ. ಹಾಲು ಉಕ್ಕಿದರೂ ಸೊಸೆಯ ತಪ್ಪು, ಹಾಲು ಬೆಕ್ಕು ಕುಡಿದರೂ ಸೊಸೆಯ ತಪ್ಪು ಎನ್ನುವ ಹಾಗೆ, ಕಾರಿಗೆ ಏನಾದರೂ ಕಾರ್ಬುರೇಟರನ್ನೇ ಬಿಚ್ಚಬೇಕೆನ್ನುವ ಪಂಥ. ಇದರ ಅನುಯಾಯಿಗಳು ಅಸಂಖ್ಯ. ಎರಡನೆಯದು ಬಿಂದುವಾದ: ಪಾಯಿಂಟು ಉಜ್ಜಿದರೆ ಮೋಕ್ಷ. ಮೂರನೆಯದು ಉಷ್ಣವಾದ: ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ, ಟ್ಯಾಂಕಿನಿಂದ ಪೆಟ್ರೋಲು ತರುವ ಏಸಿ ಪಂಪಿನಲ್ಲಿ ಗುಳ್ಳೆ ಕಟ್ಟಿಕೊಳ್ಳುತ್ತದೆ, ಒದ್ದೆಬಟ್ಟೆ ಸುತ್ತಬೇಕು. ನಾಲ್ಕನೆಯದು, ಸಿಲಿಂಡರೇ ಸವೆದು ‘ಬೋರಿಗೆ ಬಂದಿದೆ’ ಎಂಬ ವೈರಾಗ್ಯವಾದ. ಐದನೆಯವರು ಚಾರ್ವಾಕರು: ‘ಓಡೋವಷ್ಟು ದಿನ ಓಡ್ಸಿ, ಆಮೇಲೆ ಗುಜರಿಗೆ ಹಾಕಿ.’

ಉಪಶಯ ಪ್ರಕರಣ

ಯಾವ ಮದ್ದಿಗೆ ರೋಗ ಇಳಿಯುವುದೋ ಅದರಿಂದ ರೋಗವನ್ನು ಗುರುತಿಸುವುದು ಉಪಶಯ. ಟಿಪ್ಪು ಸುಲ್ತಾನನೇ ‘ಹಕೀಂ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯುಳ್ಳ ದೇವರ ದರ್ಶನಕ್ಕೆ ಗ್ರಂಥಕರ್ತನು ಸೋಮವಾರಗಳಂದು ಹೊರಡುತ್ತಿದ್ದನು. ಪದ್ಮಿನಿ ಕಡಕೊಳದಲ್ಲಿ ನಿಲ್ಲುತ್ತಿದ್ದಳು.

ಮೊದಲ ಸೋಮವಾರ ಮೇಸ್ತ್ರಿ ಬಂದು ಕಾರ್ಬುರೇಟರ್ ಬಿಚ್ಚಿ, ಜೆಟ್ಟನ್ನು ಬಾಯಿಂದ ಊದಿ ಕೂಡಿಸಿದರು. ಕಾರು ಓಡಿತು. ‘ನಾನ್ ಹೇಳ್ಲಿಲ್ವಾ ಸಾರ್, ಕಸ ಇತ್ತು.’ ಎರಡನೇ ಸೋಮವಾರ ಅವರೇ ಪಾಯಿಂಟಿಗೆ ಪಾಲಿಷ್ ಪೇಪರ್ ಉಜ್ಜಿದರು. ಕಾರು ಓಡಿತು. ಮೂರನೇ ಸೋಮವಾರ ದಾರಿಹೋಕ ಲಾರಿ ಡ್ರೈವರೊಬ್ಬರು ತಮ್ಮ ಟವೆಲನ್ನೇ ನೆನೆಸಿ ಪಂಪಿನ ಮೇಲೆ ಹಾಕಿದರು. ಅದಕ್ಕೂ ಓಡಿತು. ಹೀಗೆ ಮೂರು ಸಿದ್ಧಾಂತಗಳೂ ಪ್ರತ್ಯಕ್ಷ ಪ್ರಮಾಣದಿಂದ ಸಿದ್ಧವಾದವು, ಪ್ರತಿಯೊಂದೂ ಹತ್ತು ಹನ್ನೆರಡು ಕಿಲೋಮೀಟರಿನ ಮಟ್ಟಿಗೆ.

ಇನ್ನೊಂದು ವಿಚಿತ್ರವೂ ಕಂಡಿತು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದ ದಿನ ಕಾರು ದೂರ ಹೋಗುತ್ತಿತ್ತು, ಫುಲ್ ಮಾಡಿಸಿದ ದಿನ ಬೇಗ ನಿಲ್ಲುತ್ತಿತ್ತು. ಹೊಟ್ಟೆ ತುಂಬಿದವನು ಹಸಿವಿನಿಂದ ಸಾಯುವ ಈ ಲಕ್ಷಣ ಮಾಧವನಿದಾನದಲ್ಲೂ ಇಲ್ಲ.

ನಿರ್ಣಯ ಪ್ರಕರಣ

ನಾಲ್ಕನೇ ಸೋಮವಾರ, ನಂಜನಗೂಡಿನ ಪೆಟ್ರೋಲ್ ಬಂಕು. ಟ್ಯಾಂಕಿಗೆ ಬೀಗದ ಮುಚ್ಚಳ. ಕಳ್ಳರ ಭಯದಿಂದ ಗ್ರಂಥಕರ್ತನೇ ತೆಗೆದು ತಾನೇ ಮುಚ್ಚುವ ಪದ್ಧತಿ. ಆ ದಿನ ಎರಡೂ ಕೈಯಲ್ಲಿ ಪ್ರಸಾದ, ರಸಬಾಳೆ ಇದ್ದುದರಿಂದ ಬೀಗದಕೈ ಬಂಕಿನ ಹುಡುಗನ ಕೈಗೆ ಹೋಯಿತು. ಮುಚ್ಚಳ ತಿರುಗಿಸಿದ ಕೂಡಲೇ ‘ಉಸ್ಸ್’ ಎಂದಿತು. ಈ ಸದ್ದನ್ನು ಗ್ರಂಥಕರ್ತನು ಎಷ್ಟೋ ಸಲ ಕೇಳಿ, ಬಡಪಾಯಿ ನಿಟ್ಟುಸಿರು ಬಿಟ್ಟಳೆಂದು ಮರುಗಿದ್ದುಂಟು.

ಹುಡುಗ ಮುಚ್ಚಳದ ಒಳಬದಿ ಬೆರಳಾಡಿಸಿ, ನಾಲ್ಕು ಮಡಿಕೆಯ ಹಾಲಿನ ಕವರೊಂದನ್ನು ಎಳೆದ. ‘ಸಾರ್, ಇದ್ಯಾರು ತುರುಕಿದ್ದು? ಟ್ಯಾಂಕು ಉಸ್ರಾಡಕ್ಕೇ ಜಾಗ ಇಲ್ವಲ್ಲ!’

ಗ್ರಂಥಕರ್ತನು ಮೌನ ವಹಿಸಿದನು. ಆಷಾಢದ ಮಳೆನೀರು ಟ್ಯಾಂಕಿಗಿಳಿಯದಿರಲೆಂದು ಆ ಕವರನ್ನು ತೊಳೆದು, ಒಣಗಿಸಿ, ಕತ್ತರಿಸಿ ಕೂರಿಸಿದವನು ಅವನೇ.

ಆ ‘ಉಸ್ಸ್’ ನಿಟ್ಟುಸಿರಲ್ಲ, ಒಳಕ್ಕೆ ಎಳೆದುಕೊಂಡ ಉಸಿರು. ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲು ಖಾಲಿಯಾದಷ್ಟೂ ಗಾಳಿ ಅಲ್ಲಿಂದ ಒಳಬರಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಗುಳುಗುಳು ಎಂದು ನಿಲ್ಲುತ್ತದೆಂದು, ಎದುರಿಗೆ ಇನ್ನೊಂದು ಹೊಡೆಯಬೇಕೆಂದು ಪ್ರತಿ ಅಡುಗೆಮನೆಗೂ ಗೊತ್ತು. ತೂತು ಮುಚ್ಚಿದ್ದರಿಂದ ಟ್ಯಾಂಕಿನೊಳಗೆ ಒತ್ತಡ ಇಳಿದು ಇಳಿದು, ಕಡಕೊಳದ ಹೊತ್ತಿಗೆ ಪಂಪು ಸೋಲುತ್ತಿತ್ತು. ಟ್ಯಾಂಕು ತುಂಬಿದ ದಿನ ಒಳಗೆ ಗಾಳಿಯ ಜಾಗ ಕಡಿಮೆ, ಆದ್ದರಿಂದ ಒತ್ತಡ ಬೇಗ ಇಳಿಯುತ್ತಿತ್ತು. ಅರ್ಧ ಗಂಟೆ ನಿಂತರೆ ಕವರಿನ ಸಂದಿನಿಂದ ಗಾಳಿ ಮೆಲ್ಲಗೆ ಸೇರಿ ಕಾರು ಚೇತರಿಸಿಕೊಳ್ಳುತ್ತಿತ್ತು. ಜೆಟ್ಟು ಊದಲು ಅರ್ಧ ಗಂಟೆ, ಪಾಯಿಂಟು ಉಜ್ಜಲು ಅರ್ಧ ಗಂಟೆ, ಟವೆಲು ಆರಲು ಅರ್ಧ ಗಂಟೆ. ಕಾರನ್ನು ವಾಸಿ ಮಾಡಿದ್ದು ಅರ್ಧ ಗಂಟೆ. ದಕ್ಷಿಣೆ ಪಡೆದದ್ದು ಸಿದ್ಧಾಂತ.

ಫಲಶ್ರುತಿ

ರೋಗಕ್ಕೆ ಚರಕನು ಹೇಳುವ ಮೂಲಕಾರಣಗಳು ಮೂರು: ಒಗ್ಗದ ವಿಷಯಗಳ ಸಂಪರ್ಕ, ಕಾಲದ ಪರಿಣಾಮ, ಪ್ರಜ್ಞಾಪರಾಧ. ಕಲಬೆರಕೆ ಪೆಟ್ರೋಲು ಮೊದಲನೆಯದು, ಕಾರಿನ ವಯಸ್ಸು ಎರಡನೆಯದು. ತಿಳಿದವನೇ ತಿಳಿಗೇಡಿತನದಿಂದ ಮಾಡಿಕೊಳ್ಳುವ ಮೂರನೆಯದಕ್ಕೆ ಉದಾಹರಣೆ ಕೊಡುವ ಅಗತ್ಯ ಈಗ ಉಳಿದಿಲ್ಲ.

ಈ ಗ್ರಂಥವನ್ನು ಓದಿದವರು ಮೊದಲು ಟ್ಯಾಂಕಿನ ಮುಚ್ಚಳ, ಆಮೇಲೆ ಬ್ಯಾಟರಿ ಟರ್ಮಿನಲ್, ಪ್ಲಗ್ಗು, ಪಾಯಿಂಟು, ಟೈಮಿಂಗ್, ಫಿಲ್ಟರು, ಪಂಪು, ಕಟ್ಟಕಡೆಗೆ ಕಾರ್ಬುರೇಟರು ಎಂಬ ಕ್ರಮದಲ್ಲಿ ನೋಡತಕ್ಕದ್ದು. ಸೊಸೆಗೆ ಶಾಂತಿ, ಜೇಬಿಗೆ ಆರೋಗ್ಯ.

ಗ್ರಂಥದ ಮೂಲ ಆಕರವಾದ ಹಾಲಿನ ಕವರು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸುರಕ್ಷಿತವಾಗಿದೆ. ಮೇಸ್ತ್ರಿಗೆ ತೋರಿಸಿಲ್ಲ. ಮಳೆ ಜೋರಾದಾಗಲೆಲ್ಲ ಗ್ರಂಥಕರ್ತನ ಕೈ ಈಗಲೂ ಅದರ ಕಡೆಗೆ ಹೋಗುತ್ತದೆ.