ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಾಜಿ ಸೈನಿಕರ ಸೊಂಟಗಳಿಗೊಂದು ಬಹಿರಂಗ ಪತ್ರ

ಮಾನ್ಯ ಸೊಂಟಗಳೇ,

ನಿಮ್ಮ ಯಜಮಾನರಿಗೆ ಬರೆದು ಸುಖವಿಲ್ಲವೆಂದು ನೇರ ನಿಮಗೇ ಬರೆಯುತ್ತಿದ್ದೇನೆ. ಅವರು ಶಿಸ್ತಿನವರು. ನಿಲ್ಲು ಎಂದಲ್ಲಿ ನಿಂತರು, ಹೊರಡು ಎಂದಾಗ ಹೊರಟರು, ರಜೆ ಇಲ್ಲ ಎಂದಾಗ ತಂಗಿಯ ಮದುವೆಯನ್ನೂ ಬಿಟ್ಟರು. ಅಶಿಸ್ತೆಲ್ಲ ನಿಮ್ಮದು. ಎಲ್ಲಿ ನೋಯಬೇಕು ಎಂಬ ಕನಿಷ್ಠ ತಿಳಿವಳಿಕೆಯೂ ಇಲ್ಲದೆ ಸಿಕ್ಕಸಿಕ್ಕಲ್ಲಿ ನೊಂದುಬಿಟ್ಟಿರಿ.

ಬಿ.ಸಿ.ರೋಡಿನಲ್ಲಿ ಅರ್ಜಿ ಬರೆದು ಹೊಟ್ಟೆ ಹೊರೆಯುವವ ನಾನು. ಮೊನ್ನೆ ಬೆಳ್ತಂಗಡಿ ಕಡೆಯ ಹವಾಲ್ದಾರರೊಬ್ಬರು ಬಂದಿದ್ದರು. ಕೂತುಕೊಳ್ಳಿ ಮಾರಾಯ್ರೆ ಎಂದರೆ ಕೂರಲಿಲ್ಲ. ಎರಡೂ ಅಂಗೈ ಮೇಜಿಗೆ ಊರಿ, ಎಡಗಾಲು ಸ್ವಲ್ಪ ಮಡಚಿ, ನಿಂತುಕೊಂಡೇ ಹೇಳಿ ಬರೆಸಿದರು. ಅಂಗಿಯಿಂದ ಕೊಟ್ಟಂಚುಕ್ಕಾದಿ ತೈಲದ ವಾಸನೆ. ದೊಡ್ಡ ಲಕೋಟೆಯಲ್ಲಿ ಎಂಆರ್‌ಐ ಫಿಲ್ಮು: ಎಲ್-4, ಎಲ್-5 ನಡುವೆ ಡಿಸ್ಕ್ ಜಾರಿದೆ. ಅದರ ಹಿಂದೆ ಮೆಡಿಕಲ್ ಬೋರ್ಡಿನ ತೀರ್ಮಾನ: ಅಂಗವೈಕಲ್ಯ ಶೇ. 20, ಜೀವನಪರ್ಯಂತ, ಆದರೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಕಾರಣ? ನೋವು ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಕಾರ್ಯಾಚರಣೆಯಿಲ್ಲದ ಶಾಂತ ನೆಲೆಯಲ್ಲಿ.

ತಪ್ಪು ಯಾರದ್ದು ನೀವೇ ಹೇಳಿ. ನಿವೃತ್ತಿಗೆ ಮುಂಚೆ ತುಂಬುವ ಎಎಫ್‌ಎಂಎಸ್‌ಎಫ್-16 ಫಾರಮ್ಮಿನಲ್ಲಿ ಕೆಲಸ ಮಾಡಿದ ಪ್ರತಿ ಊರಿನ ಎದುರು ಪೀಸೋ ಫೀಲ್ಡೋ ಎಂದು ಬರೆಯಲು ಒಂದು ಕಾಲಮ್ಮೇ ಇದೆ. ಲಡಾಖಿನ ಏರಿನಲ್ಲಿ ಮೋರ್ಟಾರಿನ ಬೇಸ್ ಪ್ಲೇಟ್ ಹೊತ್ತಾಗ ನೀವು ತುಟಿಪಿಟಕ್ಕೆನ್ನಲಿಲ್ಲ. ಲಾರಿಯ ಹಿಂಬದಿಯಲ್ಲಿ ಕುಪ್ವಾರದ ಹೊಂಡಗಳನ್ನು ಎಣಿಸುವಾಗಲೂ ಸುಮ್ಮನಿದ್ದಿರಿ. ಬಯಲುಸೀಮೆಯ ಕ್ವಾರ್ಟರ್ಸಿಗೆ ಬಂದು, ಬಕೆಟ್ಟಿನ ನೀರು ಎತ್ತುವಾಗ ಕಳಕ್ಕೆಂದಿರಿ. ಇನ್ನು ಬೋರ್ಡಿನವರು ಬಕೆಟ್ಟನ್ನು ದೂರದೆ ಲಡಾಖನ್ನು ದೂರುತ್ತಾರೆಯೇ?

ಸೇರುವಾಗ ನಿಮ್ಮ ಆರೋಗ್ಯ ಹೇಗಿತ್ತೆಂದು ಕೇಳುವ ಹಾಗೇ ಇಲ್ಲ. 1.6 ಕಿಲೋಮೀಟರ್ ಓಡಿಸಿದರು, 9 ಅಡಿಯ ಹಳ್ಳ ಹಾರಿಸಿದರು, ಕಂಬಿಗೆ ನೇತುಹಾಕಿ ಮೇಲೆಳೆಸಿದರು, ಉಸಿರೆಳೆದಾಗ ಎದೆ 5 ಸೆಂಟಿಮೀಟರ್ ಹಿಗ್ಗುತ್ತದೆಯೇ ಎಂದು ಟೇಪು ಹಿಡಿದರು, ಹಲ್ಲನ್ನೂ ಬಿಡದೆ ಎಣಿಸಿದರು. ಇಷ್ಟಾದ ಮೇಲೆ ಮನುಷ್ಯ ಗಟ್ಟಿ ಇದ್ದಾನೆಂದೇ ಭಾವಿಸಬೇಕು, ಸಂಶಯ ಬಂದರೆ ಅದರ ಲಾಭ ಸಿಪಾಯಿಗೆ ಹೋಗಬೇಕು ಎಂದಿತ್ತು 1982ರ ನಿಯಮ. 2008ರಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಯಿತು: ಸೇರುವಾಗಿನ ಪರೀಕ್ಷೆ ಮೇಲ್ನೋಟದ್ದು, ಒಳಗೆ ಅಡಗಿದ ಕಾಯಿಲೆ ಅದಕ್ಕೆ ಕಾಣದಿರಬಹುದು. ಅಂದರೆ ನೀವು ಪುಂಜಾಲಕಟ್ಟೆಯಿಂದಲೋ ವೇಣೂರಿನಿಂದಲೋ ಜಾರುವ ಡಿಸ್ಕನ್ನು ಕದ್ದು ಟ್ರಂಕಿನಲ್ಲಿಟ್ಟುಕೊಂಡು ಹೊರಟಿರಿ, ಅದನ್ನೇ ಇಟ್ಟುಕೊಂಡು ಹಳ್ಳ ಹಾರಿದಿರಿ, ಇಪ್ಪತ್ತು ವರ್ಷ ಪರೇಡು ಮಾಡಿದಿರಿ. ಭಲೇ ಕಳ್ಳರು!

ಸುಪ್ರೀಂ ಕೋರ್ಟು ಮಾತ್ರ ನಿಮ್ಮ ಪಕ್ಷ. ಅಪಸ್ಮಾರವೆಂದು 1994ರಲ್ಲಿ ಮನೆಗೆ ಕಳಿಸಿದ ಧರ್ಮವೀರ್ ಸಿಂಗ್ ಎಂಬ ಸಿಗ್ನಲ್ಸ್ ಸಿಪಾಯಿಯ ಮೊಕದ್ದಮೆಯಲ್ಲಿ, ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ತಿಳಿಯಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಬರೆಯಬೇಕು ಎಂದಿತು. ತೀರ್ಪು ಬಂದದ್ದು 2013ರಲ್ಲಿ. ನ್ಯಾಯ ಸಿಕ್ಕಿತು, ನಡುವೆ 19 ವರ್ಷ ಹೋಯಿತು, ಅಷ್ಟೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಖಜಾನೆ ಏಕೆ ಇಷ್ಟು ನಡುಗುತ್ತಿದೆ ಎಂದು ತಿಳಿಯಲಿ. ಪೂರ್ತಿ ಶೇ. 100 ವೈಕಲ್ಯವಿದ್ದರೆ ಕೊನೆಯ ಸಂಬಳದ ಶೇ. 30. ಸಂಬಳ 40,000 ಇದ್ದವರ ಶೇ. 20ರ ಸೊಂಟಕ್ಕೆ ತಿಂಗಳಿಗೆ 2,400 ರೂಪಾಯಿ. ಶೇ. 20ರಿಂದ 50ರೊಳಗಿನದ್ದನ್ನೆಲ್ಲ 50 ಎಂದೇ ಲೆಕ್ಕ ಹಿಡಿಯುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆ ಎಂದು 2014ರ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾದದ್ದರಿಂದ, ಗೆದ್ದರೆ ಅದು 6,000. ಈ ಹಣ ಉಳಿಸಲು ವಕೀಲರು, ಕಡತಗಳು, ವಾಯಿದೆಗಳು! ಕೆಳಗೆ ಸೋತರೆ ಸರ್ಕಾರ ಮೇಲಕ್ಕೆ ಹೋಗುತ್ತದೆ. ಅದಕ್ಕೇನು, ಸೊಂಟವೇ ಇಲ್ಲವಲ್ಲ; ಎಷ್ಟು ಮೆಟ್ಟಿಲಾದರೂ ಹತ್ತಬಹುದು.

ನೀವು ಹತ್ತಬೇಕಾದ ಮೆಟ್ಟಿಲು ಹೀಗಿವೆ. ಮೊದಲ ಮೇಲ್ಮನವಿ ಒಂದು ಸಮಿತಿಗೆ, ಎರಡನೆಯದು ಇನ್ನೊಂದು ಸಮಿತಿಗೆ. ಅಲ್ಲೂ ಆಗದಿದ್ದರೆ 2007ರ ಕಾಯ್ದೆಯಡಿ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ದಕ್ಷಿಣದಲ್ಲಿ ಅದರ ಪ್ರಾದೇಶಿಕ ಪೀಠಗಳು ಕೊಚ್ಚಿ ಮತ್ತು ಚೆನ್ನೈಯಲ್ಲಿವೆ. ಅಲ್ಲಿಯವರೆಗೆ ರೈಲಿನಲ್ಲಿ ಕೂತು ಹೋದರೆ ಕೂರಲಾಗುತ್ತದೆ ಎಂದಾಯಿತು. ಮಲಗಿ ಹೋದರೆ ವಿಶ್ರಾಂತಿಯಿಂದ ಗುಣವಾಯಿತು ಎಂದಾಗುತ್ತದೆ. ನಿಂತುಕೊಂಡು ಹೋಗಿ.

ಇನ್ನೂ ಸೇವೆಯಲ್ಲಿರುವ ಎಳೆಯ ಸೊಂಟಗಳಿಗೆ ಕೆಲವು ಬುದ್ಧಿಮಾತು. 9,000 ಅಡಿಗಿಂತ ಕೆಳಗೆ ಯಾವ ಕಾರಣಕ್ಕೂ ನೋಯಬೇಡಿ. ನೋಯುವುದಿದ್ದರೆ ತಾರೀಖು, ಗಂಟೆ, ಸಾಕ್ಷಿ ಇಟ್ಟುಕೊಂಡು, ಇಂಜುರಿ ರಿಪೋರ್ಟ್ ಬರೆಸಿಕೊಂಡೇ ನೋಯಿರಿ. ರಜೆಯಲ್ಲಿ ಊರಿಗೆ ಬಂದಾಗ ಅಡಿಕೆ ಹೆಕ್ಕಲು ಬಗ್ಗಲೇಬೇಡಿ, ಮುಂದೆ ಅದೇ ಮೂಲಕಾರಣವಾಗುತ್ತದೆ. ಅಗ್ನಿವೀರ ಸೊಂಟಗಳಿಗೆ ನಾಲ್ಕೇ ವರ್ಷದ ಅವಕಾಶ. ವೈಕಲ್ಯ 50, 75, 100 ಶೇಕಡಾ ಎಂದಾದರೆ ಒಂದೇ ಗಂಟಿನಲ್ಲಿ 15, 25, 44 ಲಕ್ಷ. ಅದಕ್ಕೂ ಸೇವೆಯೇ ಕಾರಣವೆಂದು ಬೋರ್ಡು ಒಪ್ಪಬೇಕು. ಜಾರುವುದಿದ್ದರೆ ಬೇಗ ಜಾರಿ.

ಇತಿ,
ಬಿ.ಸಿ.ರೋಡಿನ ಅರ್ಜಿ ಬರಹಗಾರ

ವಿ.ಸೂ.: ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವು. ತಿರಸ್ಕಾರದ ಪತ್ರ ಬಂದ ಲಕೋಟೆಯನ್ನು ಬಿಸಾಡಬೇಡಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ. ಬರುವಾಗ ಡಿಸ್ಚಾರ್ಜ್ ಬುಕ್, ಬೋರ್ಡಿನ ನಕಲು, ಪಿಂಚಣಿ ಆದೇಶದ ಜೆರಾಕ್ಸ್ ತನ್ನಿ. ಎಂಆರ್‌ಐ ಫಿಲ್ಮನ್ನು ಮಡಚಬೇಡಿ; ಅದಕ್ಕೂ ಬೆನ್ನು ಮುರಿದರೆ ಸೇವೆಯಿಂದ ಆದದ್ದೇ ಎಂದು ಇನ್ನೊಂದು ಅರ್ಜಿ ಬರೆಯಬೇಕಾದೀತು.